ಇಷ್ಟೊಂದು ಕೋಡ್ ಬೇಕಿತ್ತಾ?

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ

ಪರದೆ ಮೇಲೆ ನೋಡಿ. ಎಐ ಸಹಾಯಕನಿಗೆ ನಾನೊಂದು ಸಣ್ಣ ಕೆಲಸ ಹೇಳುತ್ತಿದ್ದೇನೆ. ಬ್ಯಾಡಗಿ ಮಾರ್ಕೆಟ್‌ನ ಒಂದು ಅಡತಿ ಅಂಗಡಿಗೆ ಲೆಕ್ಕದ ಚೀಟಿ ಬೇಕು. ರೈತರ ಹೆಸರು, ಮೆಣಸಿನಕಾಯಿ ತಳಿ, ಎಷ್ಟು ಚೀಲ, ಒಟ್ಟು ತೂಕ, ಚೀಲದ ತೂಕ, ಕ್ವಿಂಟಲ್‌ಗೆ ದರ. ಇಷ್ಟು ತುಂಬಿದರೆ ಕೆಳಗೆ ಮೊತ್ತ ಬರಬೇಕು. ಪ್ರಿಂಟ್ ಒತ್ತಿದರೆ ಚೀಟಿ ಬರಬೇಕು. ಅಷ್ಟೇ.

ನೋಡಿ, ಬರೆಯಲು ಶುರು ಮಾಡಿತು. ರಿಯಾಕ್ಟ್ ತಂದಿತು, ಪರದೆ ಕಟ್ಟುವ ಲೈಬ್ರರಿ ಅದು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಅದನ್ನು ಕಟ್ಟಿಕೊಡಲು ವೀಟ್ ತಂದಿತು. ಅಂದಕ್ಕೆ ಟೇಲ್‌ವಿಂಡ್. ಫಾರ್ಮ್ ತುಂಬಲು ಒಂದು ಲೈಬ್ರರಿ, ದಿನಾಂಕಕ್ಕೆ ಇನ್ನೊಂದು, ಪಿಡಿಎಫ್ ಮಾಡಲು ಮತ್ತೊಂದು. ಈಗ ಎನ್‌ಪಿಎಂ ಇನ್‌ಸ್ಟಾಲ್ ಓಡುತ್ತಿದೆ, ಇಂಥ ಸಿದ್ಧ ಕೋಡ್‌ನ ಪ್ಯಾಕೇಜ್‌ಗಳನ್ನು ನೆಟ್‌ನಿಂದ ಇಳಿಸಿಕೊಳ್ಳುವ ಕಮಾಂಡ್ ಅದು. ಅವು ಬಂದು ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ತೆರೆದು ನೋಡೋಣ. ಸಾವಿರಾರು ಫೈಲ್. ಇಷ್ಟರಲ್ಲಿ ನಿಮ್ಮಲ್ಲಿ ಯಾರಾದರೂ ಒಂದನ್ನಾದರೂ ತೆರೆದು ಓದುತ್ತೀರಾ? ಯಾರೂ ಓದುವುದಿಲ್ಲ.

ಕೆಲಸ ಆಗಿದೆ, ಅದನ್ನು ಒಪ್ಪಲೇಬೇಕು. ಪರದೆ ಚೆಂದ ಇದೆ, ಮೊತ್ತ ಬರುತ್ತಿದೆ. ಈಗ ಅದೇ ಸಹಾಯಕನಿಗೆ, ಅದೇ ಕೆಲಸವನ್ನು ಇನ್ನೊಂದು ಥರ ಹೇಳುತ್ತೇನೆ. "ಒಂದೇ ಎಚ್‌ಟಿಎಂಎಲ್ ಫೈಲ್‌ನಲ್ಲಿ ಬರೆ. ಹೊರಗಿನ ಯಾವ ಲೈಬ್ರರಿಯೂ ಬೇಡ. ಬ್ರೌಸರ್‌ನಲ್ಲಿ ಈಗಾಗಲೇ ಇರುವುದನ್ನೇ ಬಳಸು."

ಬರೆದುಕೊಟ್ಟಿತು. ಒಂದೇ ಫೈಲ್. ಮೇಲಿಂದ ಕೆಳಗೆ ಕೂತು ಓದಬಹುದು. ಡಬಲ್ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಇಂಟರ್‌ನೆಟ್ ಬೇಡ, ಇನ್‌ಸ್ಟಾಲ್ ಬೇಡ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ ಸಾಕು. ದಿನಾಂಕ ಆರಿಸುವ ಕ್ಯಾಲೆಂಡರ್ ಬ್ರೌಸರ್‌ನಲ್ಲೇ ಇದೆ. ಲಕ್ಷ, ಕೋಟಿ ಲೆಕ್ಕದಲ್ಲಿ ನಮ್ಮ ಥರ ಅಲ್ಪವಿರಾಮ ಹಾಕುವುದೂ ಬ್ರೌಸರ್‌ಗೇ ಗೊತ್ತು. ಪ್ರಿಂಟ್ ಮಾಡುವುದು ಒಂದೇ ಸಾಲು. ಪ್ರಿಂಟ್ ಪರದೆಯಲ್ಲೇ ಪಿಡಿಎಫ್ ಮಾಡಿ ಉಳಿಸಿಕೊಳ್ಳುವ ಆಯ್ಕೆಯೂ ಇದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಸಹಾಯಕನಿಗೆ ಸರಳವಾದದ್ದನ್ನು ಬರೆಯಲು ಬರುವುದಿಲ್ಲ ಅಂತೇನಿಲ್ಲ. ಕೇಳಿದಾಗ ಬರೆಯಿತು. ಕೇಳದಿದ್ದಾಗ ತೊಡಕಿನದನ್ನು ಬರೆಯಿತು. ಯಾಕೆ? ಅದು ಕಲಿತದ್ದು ನಾವು ಪ್ರೋಗ್ರಾಮರ್‌ಗಳು ಬರೆದು ಗುಡ್ಡೆ ಹಾಕಿದ ಕೋಡ್‌ನಿಂದ. ಕಳೆದ ಹದಿನೈದು ವರ್ಷ ನಾವು ಹೇಗೆ ಬರೆದೆವೋ ಹಾಗೆ ಅದು ಬರೆಯುತ್ತದೆ. ಹಾಗಾಗಿ ಇವತ್ತು ಎಐ ಬಗ್ಗೆ ಮಾತಾಡಬೇಕಾದರೆ ಮೊದಲು ನಮ್ಮ ಉಪಕರಣಗಳ ಬಗ್ಗೆ ಮಾತಾಡಬೇಕು.

1986ರಲ್ಲಿ ಫ್ರೆಡ್ ಬ್ರೂಕ್ಸ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಒಂದು ಪ್ರಬಂಧ ಬರೆದರು. ಐಬಿಎಂನ ಸಿಸ್ಟಮ್/360 ಕಟ್ಟಿಸಿದವರು ಅವರು, ಅನುಭವಸ್ಥರು. ಸಾಫ್ಟ್‌ವೇರ್‌ನಲ್ಲಿ ಎರಡು ಬಗೆಯ ತೊಡಕು ಇದೆ ಅಂದರು. ಒಂದು, ಕೆಲಸದ ಒಳಗೇ ಇರುವ ತೊಡಕು. ಅದನ್ನು ಯಾರೂ ತೆಗೆಯಲಾಗದು. ಇನ್ನೊಂದು, ನಾವು ಬಳಸುವ ಉಪಕರಣ, ಭಾಷೆ, ಪದ್ಧತಿಗಳಿಂದ ಮೈಮೇಲೆ ಬಂದದ್ದು. ಅದನ್ನು ತೆಗೆಯಬಹುದು. ಹತ್ತು ವರ್ಷದೊಳಗೆ ಕೆಲಸವನ್ನು ಹತ್ತು ಪಟ್ಟು ಸುಲಭ ಮಾಡುವ ಒಂದೇ ಒಂದು ಮಾಯಾ ಉಪಾಯ ಬರುವುದಿಲ್ಲ ಅಂತಲೂ ಅವರು ಹೇಳಿದ್ದರು. ಎರಡನೇ ಬಗೆಯದನ್ನು ಆಗಲೇ ಸಾಕಷ್ಟು ತೆಗೆದಾಗಿದೆ, ಉಳಿದಿರುವುದು ಮೊದಲನೆಯದು ಅನ್ನುವುದು ಅವರ ವಾದ. ಆಮೇಲೆ ಆದದ್ದೇನು? ತೆಗೆದದ್ದಕ್ಕಿಂತ ಜಾಸ್ತಿ ಹೊಸದನ್ನು ನಾವೇ ಸೇರಿಸಿದೆವು ಅಂತ ನನಗೆ ಅನ್ನಿಸುತ್ತದೆ.

ಆ ಮೆಣಸಿನಕಾಯಿ ಚೀಟಿಯನ್ನೇ ತೆಗೆದುಕೊಳ್ಳಿ. ಅದರ ನಿಜವಾದ ತೊಡಕು ಎಲ್ಲಿದೆ? ಎಂಟು ಚೀಲ, ಒಟ್ಟು 420 ಕೆಜಿ ಅಂತಿಟ್ಟುಕೊಳ್ಳಿ. ಚೀಲಕ್ಕೆ ಒಂದು ಕೆಜಿ ಕಳೆದರೆ 412. ಕ್ವಿಂಟಲ್‌ಗೆ 18,000 ಅಂದರೆ 74,160 ರೂಪಾಯಿ. ಇದು ಐದನೇ ಇಯತ್ತೆ ಹುಡುಗಿ ಮಾಡುವ ಲೆಕ್ಕ. ಆದರೆ ಅಂಗಡಿಯಲ್ಲಿ ಕೂತು ಕೇಳಿ ನೋಡಿ. ಚೀಲದ ತೂಕ ಎಲ್ಲಕ್ಕೂ ಒಂದೇ ಹಿಡಿಯುತ್ತೀರಾ, ತೂಗಿ ಕಳೆಯುತ್ತೀರಾ? ಅರ್ಧ ಕೆಜಿ ಬಂದರೆ ಮೇಲಕ್ಕೋ ಕೆಳಕ್ಕೋ? ಒಬ್ಬರೇ ರೈತರು ಡಬ್ಬಿ, ಕಡ್ಡಿ ಎರಡೂ ತಳಿಯ ಮೆಣಸಿನಕಾಯಿ ತಂದರು, ಎರಡು ಲಾಟ್‌ಗೆ ಎರಡು ದರ ಬಿತ್ತು, ಚೀಟಿ ಒಂದಾ ಎರಡಾ? ಒಂದು ಲಾಟ್‌ನಲ್ಲಿ ಹಸಿ ಜಾಸ್ತಿ ಇದೆ ಅಂತ ದರ ಇಳಿದರೆ ಅದನ್ನು ಚೀಟಿಯಲ್ಲಿ ಹೇಗೆ ತೋರಿಸುತ್ತೀರಿ? ಮೊದಲು ತೆಗೆದುಕೊಂಡ ಮುಂಗಡ ಇದರಲ್ಲೇ ಕಳೆಯಬೇಕಾ? ಹಮಾಲಿ ಯಾರ ಲೆಕ್ಕಕ್ಕೆ?

ಇದರಲ್ಲಿ ಒಂದು ಪ್ರಶ್ನೆಯನ್ನೂ ನಮ್ಮ ಸಹಾಯಕ ಕೇಳಲಿಲ್ಲ. ಕೇಳದೆಯೇ ಉತ್ತರ ಊಹಿಸಿಕೊಂಡು ಬರೆದುಬಿಟ್ಟಿತು. ಎರಡೂ ಸಲ, ತೊಡಕಿನದರಲ್ಲೂ ಸರಳವಾದದ್ದರಲ್ಲೂ. ವ್ಯತ್ಯಾಸ ಏನೆಂದರೆ, ಸರಳವಾದದ್ದರಲ್ಲಿ ಆ ಊಹೆ ಕಣ್ಣಿಗೆ ಬೀಳುತ್ತದೆ. "ಚೀಲದ ಸಂಖ್ಯೆ ಗುಣಿಸು ಒಂದು" ಅಂತ ಒಂದು ಸಾಲು ಇದೆ. ಅಂಗಡಿಯವರಿಗೇ ಬೆರಳಿಟ್ಟು ತೋರಿಸಿ ಕೇಳಬಹುದು. ಇನ್ನೊಂದರಲ್ಲಿ ಅದೇ ಸಾಲು ಹತ್ತಾರು ಫೈಲ್‌ಗಳ ನಡುವೆ ಎಲ್ಲೋ ಒಂದು ಕಡೆ ಕೂತಿದೆ.

ಗದಗ ಜಿಲ್ಲೆಯ ಕಣಗಿನಹಾಳದ ಹೆಸರು ಕೇಳಿದ್ದೀರಿ. 1905ರಲ್ಲಿ ಅಲ್ಲಿ ಕೃಷಿ ಸಹಕಾರ ಸಂಘ ಶುರುವಾಯಿತು, ದೇಶದಲ್ಲೇ ಮೊದಲನೆಯದು ಅಂತ ನಮ್ಮ ಭಾಗದವರಿಗೆ ಅದರ ಹೆಮ್ಮೆ. ಇಂಥ ಸಂಘದ ಸಾಲದ ಲೆಕ್ಕ ಆಗ ಖಾತೆ ಪುಸ್ತಕದಲ್ಲಿತ್ತು, ಈಗ ಕಂಪ್ಯೂಟರ್‌ಗೆ ಬಂದಿದೆ. ಲೆಕ್ಕದ ಕಷ್ಟ ಮಾತ್ರ ಅದೇ. ಯಾರಿಗೆ ಎಷ್ಟು ಬಡ್ಡಿ, ಯಾವ ದಿನದಿಂದ, ಕಂತು ತಪ್ಪಿದರೆ ಏನು. 2023ರ ರಾಜ್ಯ ಬಜೆಟ್‌ನಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷ ಆಗುತ್ತದೆ ಅಂದರು. ಅಂಥ ನಿಯಮ ಬದಲಾದಾಗ ಪ್ರೋಗ್ರಾಂ ಬದಲಾಗಲೇಬೇಕು. ಈ ಕಷ್ಟಕ್ಕೆ ನಾವು ತಲೆ ಕೊಡಬೇಕು. ನಮ್ಮ ಸಮಯ ಹೋಗುತ್ತಿರುವುದು ಮಾತ್ರ ಬೇರೆ ಕಡೆ.

ಎಲ್ಲಿ ಹೋಗುತ್ತಿದೆ ಅಂತ ನಿಮಗೇ ಗೊತ್ತು. ಯಾವ ಕಾಲೇಜಿನಲ್ಲಿ ವರ್ಕ್‌ಶಾಪ್ ಮಾಡಿದರೂ ಬೆಳಗಿನ ಹೊತ್ತು ಇನ್‌ಸ್ಟಾಲ್‌ಗೇ ಹೋಗುತ್ತದೆ. ಒಬ್ಬರ ಪೈಥಾನ್ ಹಳೇದು. ಇನ್ನೊಬ್ಬರ ಜಾವಾ ಹೊಸದಾಗಿ ಗ್ರೇಡಲ್ ಒಪ್ಪುತ್ತಿಲ್ಲ. ಮತ್ತೊಬ್ಬರಿಗೆ ಪಾತ್ ಸಿಗುತ್ತಿಲ್ಲ. ಇಲ್ಲಿರುವ ಹಿರಿಯರಲ್ಲಿ ಬಹಳ ಜನ ಟರ್ಬೋ ಸಿ ನೀಲಿ ಪರದೆಯಲ್ಲಿ ಕಲಿತವರು. ತೆರೆದೆವು, ಬರೆದೆವು, ಕಂಟ್ರೋಲ್ ಎಫ್9 ಒತ್ತಿದೆವು, ಓಡಿತು. ಆ ಕಾಲವೇ ಚೆಂದ ಇತ್ತು ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ, ಇಂಟರ್‌ನೆಟ್ ಅಂದರೆ ಅದಕ್ಕೆ ಗೊತ್ತಿರಲಿಲ್ಲ. ಆದರೆ ಬರೆಯುವುದಕ್ಕೂ ಓಡಿಸುವುದಕ್ಕೂ ನಡುವೆ ಒಂದೇ ಕೀಲಿ ಇತ್ತು. ಆ ಒಂದು ಗುಣವನ್ನು ಯಾಕೆ ಬಿಟ್ಟುಕೊಟ್ಟೆವು ಅಂತ ಕೇಳಬೇಕು.

ಕೆಲವು ಕಾರಣ ನ್ಯಾಯವಾದವು. ಈಗಿನ ಪ್ರೋಗ್ರಾಂಗಳು ಫೋನಿನಲ್ಲಿ ಓಡಬೇಕು, ನೆಟ್‌ನಲ್ಲಿ ಓಡಬೇಕು, ಕಳ್ಳರಿಂದ ಉಳಿಯಬೇಕು. ಹಳೇ ಕೋಡ್ ಮುರಿಯಬಾರದು. ಇದಕ್ಕೆಲ್ಲ ಬೆಲೆ ಇದೆ. ಆದರೆ ದೊಡ್ಡ ಪಾಲು ಹಾಗಲ್ಲ. ರಿಯಾಕ್ಟ್ ಫೇಸ್‌ಬುಕ್‌ನಲ್ಲಿ ಹುಟ್ಟಿತು, 2013ರಲ್ಲಿ ಎಲ್ಲರಿಗೂ ತೆರೆದರು. ಬಹಳ ಸರ್ವರ್‌ಗಳ ಮೇಲೆ ಪ್ರೋಗ್ರಾಂ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ಗೂಗಲ್‌ನಿಂದ 2014ರಲ್ಲಿ ಬಂತು, ಅವರ ಒಳಗಿನ ಬೋರ್ಗ್ ಅನ್ನುವ ವ್ಯವಸ್ಥೆಯ ಅನುಭವದಿಂದ. ಅವರ ಸಮಸ್ಯೆಗೆ ಅವು ಸರಿಯಾದ ಉತ್ತರ. ಕೊಪ್ಪಿಕರ್ ರಸ್ತೆಯ ಬಟ್ಟೆ ಅಂಗಡಿಯ ಮೂರು ಕೌಂಟರ್‌ಗೆ ಆ ಸಮಸ್ಯೆಯೇ ಇಲ್ಲ. ಅಲ್ಲಿಗೆ ಎಸ್‌ಕ್ಯೂಲೈಟ್ ಧಾರಾಳ ಸಾಕು. ಅದು ಒಂದೇ ಫೈಲ್‌ನ ಡೇಟಾಬೇಸ್. ನಿಮ್ಮ ಜೇಬಿನ ಫೋನಿನಲ್ಲೂ ಇದೆ. ಎಸ್‌ಕ್ಯೂಲೈಟ್‌ನ ಸ್ವಂತ ವೆಬ್‌ಸೈಟ್ ಅದರ ಮೇಲೆಯೇ ನಡೆಯುತ್ತದೆ, ದಿನಕ್ಕೆ 4ರಿಂದ 5 ಲಕ್ಷ ಕೋರಿಕೆ ಬರುತ್ತವೆ ಅಂತ 2015ರಲ್ಲೇ ಅವರು ಬರೆದಿದ್ದರು. ಹುಬ್ಬಳ್ಳಿ ಧಾರವಾಡದಲ್ಲಿ ಎಷ್ಟು ಅಂಗಡಿಗೆ ದಿನಕ್ಕೆ 5 ಲಕ್ಷ ಬಿಲ್ ಇದೆ?

ಪ್ಯಾಕೇಜ್‌ಗಳ ಕಥೆಯನ್ನೂ ಹೇಳಬೇಕು. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನುವ ಒಂದು ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂನಿಂದ ತೆಗೆದುಬಿಟ್ಟರು. ಅವರಿಗೂ ಎನ್‌ಪಿಎಂಗೂ ಇನ್ನೊಂದು ಪ್ಯಾಕೇಜಿನ ಹೆಸರಿನ ಬಗ್ಗೆ ಜಗಳ ಆಗಿತ್ತು. ಲೆಫ್ಟ್-ಪ್ಯಾಡ್ ಮಾಡುವ ಕೆಲಸ ಏನು? ಒಂದು ಪದದ ಎಡಗಡೆ ಖಾಲಿ ಜಾಗ ಇಲ್ಲವೇ ಸೊನ್ನೆ ತುಂಬುವುದು. ಹನ್ನೊಂದು ಸಾಲಿನ ಕೋಡ್. ಅದು ಹೋದ ಕೂಡಲೇ ಪ್ರಪಂಚದ ತುಂಬ ಪ್ರಾಜೆಕ್ಟ್‌ಗಳು ಬಿಲ್ಡ್ ಆಗದೆ ನಿಂತವು. ಬೇಬಲ್‌ನಂಥ ದೊಡ್ಡ ಉಪಕರಣವೂ ಅದರ ಮೇಲೆ ನಿಂತಿತ್ತು. ಎನ್‌ಪಿಎಂನವರು ಅದನ್ನು ತಾವೇ ಮತ್ತೆ ಹಾಕಬೇಕಾಯಿತು. ಈಗ ಆ ಕೆಲಸಕ್ಕೆ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಸೌಕರ್ಯ ಇದೆ. ಇನ್ನೊಂದು ಉದಾಹರಣೆ: ಸಂಖ್ಯೆ ಬೆಸವಾ ಅಂತ ಹೇಳಲು ಈಸ್-ಆಡ್ ಅಂತ ಒಂದು ಪ್ಯಾಕೇಜ್ ಇದೆ. ಸಮವಾ ಅಂತ ಹೇಳಲು ಈಸ್-ಈವನ್ ಇದೆ. ಈಸ್-ಈವನ್ ತನ್ನ ಕೆಲಸಕ್ಕೆ ಈಸ್-ಆಡ್ ಅನ್ನು ಕರೆಯುತ್ತದೆ. ಈಸ್-ಆಡ್ ತನ್ನ ಕೆಲಸಕ್ಕೆ ಈಸ್-ನಂಬರ್ ಅನ್ನು ಕರೆಯುತ್ತದೆ. ಎರಡರಿಂದ ಭಾಗಿಸಿ ಶೇಷ ನೋಡುವ ಕೆಲಸಕ್ಕೆ ಮೂರು ಪ್ಯಾಕೇಜ್. ಎಐ ಬರುವುದಕ್ಕೆ ಎಷ್ಟೋ ಮುಂಚೆ ಮನುಷ್ಯರೇ ಮಾಡಿದ್ದು ಇದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಉಪಕರಣದ ತೊಡಕು ಇಲ್ಲಿಯವರೆಗೆ ಕಡಿಮೆ ಆದದ್ದು ಹೇಗೆ? ಯಾರಿಗೋ ನೋವಾಗಿ, ಸಾಕಾಗಿ, ಕೂತು ಸರಿ ಮಾಡಿದ್ದರಿಂದ. 2006ರಲ್ಲಿ ಜೆಕ್ವೆರಿ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ ಬಂದಾಗ ಬ್ರೌಸರ್‌ಗಳ ಸ್ಥಿತಿ ನೆನಪಿಸಿಕೊಳ್ಳಿ. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ಥರ ಬರೆಯಬೇಕು, ಫೈರ್‌ಫಾಕ್ಸ್‌ಗೆ ಇನ್ನೊಂದು ಥರ. ಎಲ್ಲರೂ ಗೊಣಗಿದರು. ಜೆಕ್ವೆರಿ ಆ ಗೋಳನ್ನು ಮುಚ್ಚಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಜನ ಜೆಕ್ವೆರಿಯಲ್ಲಿ ಏನೇನು ಬಳಸುತ್ತಿದ್ದಾರೆ ಅಂತ ನೋಡಿ ಬ್ರೌಸರ್ ಮಾಡುವವರು ಆ ಸೌಕರ್ಯಗಳನ್ನು ಬ್ರೌಸರ್ ಒಳಗೇ ತಂದರು. ಅದಕ್ಕೇ ಇವತ್ತು ಬಹಳಷ್ಟು ಕೆಲಸಕ್ಕೆ ಜೆಕ್ವೆರಿ ಬೇಕಾಗಿಲ್ಲ. ಪೈಥಾನ್‌ನಲ್ಲೂ ಹಾಗೇ. ಪ್ಯಾಕೇಜ್ ಇಳಿಸುವ ಪಿಪ್, ಒಂದೊಂದು ಪ್ರಾಜೆಕ್ಟ್‌ನ ಪ್ಯಾಕೇಜ್‌ಗಳನ್ನು ಬೇರೆ ಬೇರೆ ಇಡುವ ವರ್ಚುವಲ್ ಎನ್ವಿರಾನ್‌ಮೆಂಟ್, ವರ್ಷನ್ ಅಂತ ವರ್ಷಗಟ್ಟಲೆ ಜನ ಒದ್ದಾಡಿದರು. 2024ರಲ್ಲಿ ಯುವಿ ಅನ್ನುವ ಒಂದು ಉಪಕರಣ ಬಂದು ಅಷ್ಟನ್ನೂ ಒಂದೇ ಕಡೆ ತಂದಿತು. ಬೇಸರವೇ ಇಲ್ಲದಿದ್ದರೆ ಇದನ್ನು ಯಾರು ಕಟ್ಟುತ್ತಿದ್ದರು?

ಈಗ ಎಐ ಬಂದಿದೆ. ಕೋಡ್ ಬರೆದುಕೊಡುವ ಕೋಪೈಲಟ್ 2021ರಲ್ಲಿ ಪ್ರಯೋಗಕ್ಕೆ ಬಂತು, ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ, ಆಮೇಲೆ ಕರ್ಸರ್, ಕ್ಲಾಡ್ ಕೋಡ್, ಇನ್ನೂ ಎಷ್ಟೋ. ಕಾನ್ಫಿಗರೇಶನ್ ಫೈಲ್ ಬರೆಯುವುದು ಬೇಸರವೇ? ಅದು ಬರೆದುಕೊಡುತ್ತದೆ. ಎರರ್ ಬಂತೇ? ಅಂಟಿಸಿದರೆ ಸಾಕು, ಪರಿಹಾರ ಹೇಳುತ್ತದೆ. ಒಂದೇ ಥರದ ಇನ್ನೂರು ಸಾಲು ಬೇಕೇ? ಕ್ಷಣದಲ್ಲಿ ಸಿದ್ಧ. ಎಲ್ಲಕ್ಕಿಂತ ಚೆನ್ನಾಗಿ ಅದು ಮಾಡುವ ಕೆಲಸ ಯಾವುದು ಅಂತ ಯೋಚಿಸಿ. ಮೊದಲಿಂದಲೂ ಬೇಕಾಗೇ ಇರದಿದ್ದ ಕೆಲಸ. ರಸ್ತೆಯಲ್ಲಿ ಗುಂಡಿ ಇದೆ. ಊರಿನವರೆಲ್ಲ ಗುಂಡಿ ಗೊತ್ತಾಗದಂಥ ಗಾಡಿ ಕೊಂಡರೆ, ಗುಂಡಿ ಮುಚ್ಚಿ ಅಂತ ಅರ್ಜಿ ಕೊಡುವವರು ಯಾರು? ಗುಂಡಿ ಹಾಗೇ ಉಳಿಯುತ್ತದೆ, ಇನ್ನೂ ದೊಡ್ಡದಾಗುತ್ತದೆ. ನನಗಿರುವ ಚಿಂತೆ ಇದೇ. ನೋವು ಹೋದರೆ ದುರಸ್ತಿಯೂ ನಿಲ್ಲುತ್ತದೆ.

ಹತ್ತಿರದಿಂದ ಒಂದು ಉದಾಹರಣೆ ನೋಡಿ. ಉಬುಂಟು ಲಿನಕ್ಸ್‌ನ ಹೊಸ ಆವೃತ್ತಿಗಳಲ್ಲಿ ನೇರವಾಗಿ ಪಿಪ್ ಇನ್‌ಸ್ಟಾಲ್ ಕೊಟ್ಟರೆ ಒಂದು ಎರರ್ ಬರುತ್ತದೆ. ಈ ಪೈಥಾನ್ ಆಪರೇಟಿಂಗ್ ಸಿಸ್ಟಮ್‌ಗೆ ಸೇರಿದ್ದು, ಇದರಲ್ಲಿ ಕೈ ಹಾಕಬೇಡ, ನಿನಗೆ ಬೇರೆ ಎನ್ವಿರಾನ್‌ಮೆಂಟ್ ಮಾಡಿಕೋ ಅಂತ ಅದರ ತಾತ್ಪರ್ಯ. ಒಳ್ಳೆಯ ಎಚ್ಚರಿಕೆ. ವಿದ್ಯಾರ್ಥಿ ಅದನ್ನು ಓದುವುದಿಲ್ಲ, ಎಐಗೆ ಅಂಟಿಸುತ್ತಾನೆ. ಎಷ್ಟೋ ಸಲ ಬರುವ ಉತ್ತರಗಳಲ್ಲಿ ಒಂದು, ಕಮಾಂಡ್ ಕೊನೆಗೆ "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಅಂತ ಸೇರಿಸು ಅನ್ನುವುದು. ಹೆಸರಲ್ಲೇ ಇದೆ ನೋಡಿ, ಸಿಸ್ಟಮ್ ಮುರಿದರೂ ಪರವಾಗಿಲ್ಲ ಅಂತ. ಹಾಗೆ ಹೆಸರಿಟ್ಟದ್ದೇ ಓದಿದವರು ಹೆದರಲಿ ಅಂತ. ಆದರೆ ಓದುವವರೇ ಇಲ್ಲದಿದ್ದರೆ? ಇನ್‌ಸ್ಟಾಲ್ ಆಯಿತು, ಪಾಠ ಮುಂದೆ ಹೋಯಿತು. ಎರಡು ತಿಂಗಳ ನಂತರ ಬೇರೆ ಏನೋ ಕೆಟ್ಟಾಗ ಕಾರಣ ಹುಡುಕಲು ದಾರಿ ಇರುವುದಿಲ್ಲ.

ಇನ್ನೊಂದು ಅಪಾಯ ಇದೆ. ಎಐ ಕೆಲವೊಮ್ಮೆ ಇಲ್ಲದ ಪ್ಯಾಕೇಜಿನ ಹೆಸರು ಹೇಳುತ್ತದೆ. ಅಮೆರಿಕದ ಸಂಶೋಧಕರು 16 ಮಾಡೆಲ್‌ಗಳಿಂದ 5,76,000 ಕೋಡ್ ತುಣುಕು ಬರೆಸಿ ನೋಡಿದರು. ಅವು ಹೇಳಿದ ಪ್ಯಾಕೇಜ್‌ಗಳಲ್ಲಿ ಐದರಲ್ಲಿ ಒಂದರಷ್ಟು ಎಲ್ಲೂ ಇಲ್ಲದವು. ದುಡ್ಡಿಗೆ ಸಿಗುವ ಮಾಡೆಲ್‌ಗಳಲ್ಲಿ ಶೇಕಡಾ 5ರ ಆಸುಪಾಸು, ಮುಕ್ತವಾಗಿ ಸಿಗುವ ಮಾಡೆಲ್‌ಗಳಲ್ಲಿ ಶೇಕಡಾ 20ಕ್ಕೂ ಮೇಲೆ. ಸುಮ್ನೆ ತಪ್ಪಾದರೆ ಎರರ್ ಬರುತ್ತದೆ, ಬಿಡಿ. ಆದರೆ ಆ ಸುಳ್ಳು ಹೆಸರನ್ನು ಯಾರಾದರೂ ಮೊದಲೇ ನೋಂದಾಯಿಸಿ ಅದರಲ್ಲಿ ಕೆಟ್ಟ ಕೋಡ್ ಇಟ್ಟರೆ? ನೀವು ಇನ್‌ಸ್ಟಾಲ್ ಕೊಟ್ಟ ಕೂಡಲೇ ಅದು ನಿಮ್ಮ ಮಶೀನ್ ಒಳಗೆ ಬರುತ್ತದೆ. ಪ್ರತಿ ಸಣ್ಣ ಕೆಲಸಕ್ಕೂ ಹೊರಗಿನ ಪ್ಯಾಕೇಜ್ ಎಳೆಯುವ ಅಭ್ಯಾಸ ನಮ್ಮಲ್ಲಿ ಇಲ್ಲದಿದ್ದರೆ ಈ ಬಾಗಿಲೇ ಇರುತ್ತಿರಲಿಲ್ಲ.

ವೇಗದ ಬಗ್ಗೆಯೂ ಒಂದು ಮಾತು. 2025ರಲ್ಲಿ ಮೆಟರ್ ಅನ್ನುವ ಸಂಸ್ಥೆ ಒಂದು ಪ್ರಯೋಗ ಮಾಡಿತು. 16 ಜನ ಅನುಭವಿ ಓಪನ್ ಸೋರ್ಸ್ ಪ್ರೋಗ್ರಾಮರ್‌ಗಳು, 246 ಕೆಲಸ. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವಂತಿಲ್ಲ. ಎಐ ಬಳಸಿದಾಗ ಅವರಿಗೆ ಶೇಕಡಾ 19ರಷ್ಟು ಸಮಯ ಜಾಸ್ತಿ ಹಿಡಿಯಿತು. ಮುಗಿದ ಮೇಲೆ ಕೇಳಿದರೆ, ಶೇಕಡಾ 20ರಷ್ಟು ಬೇಗ ಆಯಿತು ಅಂತ ಅವರು ನಂಬಿದ್ದರು. ಇದನ್ನು ಹಿಡಿದುಕೊಂಡು ಎಐ ಕೆಲಸಕ್ಕೆ ಬಾರದು ಅನ್ನಬೇಡಿ. ಅವರು ವರ್ಷಗಳಿಂದ ತಾವೇ ಕಟ್ಟಿದ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡುತ್ತಿದ್ದರು, ಉಪಕರಣಗಳೂ ಆಗಿನವು. ಹೊಸದಾಗಿ ಕಲಿಯುವವರ ಲೆಕ್ಕ ಬೇರೆ ಇರಬಹುದು. ನಾನು ಹೇಳುವುದಿಷ್ಟೇ: ಬೇಗ ಆಯಿತು ಅನ್ನಿಸುವುದಕ್ಕೂ ಬೇಗ ಆಗುವುದಕ್ಕೂ ಅಂತರ ಇದೆ, ಗಡಿಯಾರ ಇಟ್ಟು ನೋಡಿಕೊಳ್ಳಿ.

ಇಷ್ಟು ಹೇಳಿದ ಮೇಲೆ, ಎಐ ಬಗ್ಗೆ ನನಗೆ ನಿಜವಾಗಿ ಖುಷಿ ಕೊಟ್ಟದ್ದನ್ನೂ ಹೇಳಲೇಬೇಕು. ಹಾವೇರಿ, ಗದಗ ಕಡೆಯ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬರುವ ಮಕ್ಕಳನ್ನು ನಾನು ನೋಡುತ್ತೇನೆ. ತರ್ಕ ಚುರುಕು ಇರುತ್ತದೆ. ಎದೆ ಒಡೆಯುವುದು ಇಂಗ್ಲಿಷ್ ಎರರ್ ಮೆಸೇಜ್ ಮುಂದೆ. ಒಬ್ಬ ವಿದ್ಯಾರ್ಥಿನಿ "ಸೆಗ್ಮೆಂಟೇಶನ್ ಫಾಲ್ಟ್ ಅಂದರೇನು, ನನ್ನ ಈ ಕೋಡ್‌ನಲ್ಲಿ ಯಾಕೆ ಬಂತು" ಅಂತ ಕನ್ನಡದಲ್ಲೇ ಕೇಳಿದಳು. ಅರೇ (array, ಒಂದೇ ಹೆಸರಿನಡಿ ಸಾಲಾಗಿ ಇಟ್ಟ ಮೌಲ್ಯಗಳು) ಗಡಿ ದಾಟಿ ಒಂದು ಹೆಜ್ಜೆ ಆಚೆ ಓದುತ್ತಿದ್ದೀಯ, ಎಣಿಕೆ ಸೊನ್ನೆಯಿಂದ ಶುರು ಅನ್ನುವುದನ್ನು ಮರೆತಿದ್ದೀಯ ಅಂತ ಕನ್ನಡದಲ್ಲೇ ಉತ್ತರ ಬಂತು. ಅವಳ ಮುಖ ನೋಡಬೇಕಿತ್ತು. ಕೇಳಲು ನಾಚಿಕೆ ಪಡುವ ಮಕ್ಕಳಿಗೆ ಸಿಟ್ಟಾಗದೆ ಹತ್ತು ಸಲ ಹೇಳಿಕೊಡುವ ಗುರು ಸಿಕ್ಕಂತಾಯಿತು. ಇದಕ್ಕಾಗಿ ಅದನ್ನು ಬಳಸಿ, ಧಾರಾಳ ಬಳಸಿ.

ಕನ್ನಡದ ಮಾತು ಬಂದಿದ್ದಕ್ಕೆ ಒಂದು ವಿಷಯ, ಸ್ವಲ್ಪ ಆಚೆ ಹೋಗುತ್ತೇನೆ. "ಕನ್ನಡ" ಅನ್ನುವ ಪದದಲ್ಲಿ ಎಷ್ಟು ಅಕ್ಷರ? ನಮ್ಮ ಕಣ್ಣಿಗೆ ಮೂರು. ಪೈಥಾನ್‌ಗೆ ಕೇಳಿದರೆ ಐದು ಅನ್ನುತ್ತದೆ: ಕ, ನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೊಂದು ನ, ಡ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಇಟ್ಟು, ಉದ್ದ ಎಣಿಸುವ ಸಿ ಭಾಷೆಯ ಸ್ಟ್ರ್‌ಲೆನ್‌ಗೆ ಕೇಳಿದರೆ 15, ಯಾಕೆಂದರೆ ಒಂದೊಂದಕ್ಕೂ ಮೂರು ಬೈಟ್. ಈಗ ಡೇಟಾಬೇಸ್‌ನಲ್ಲಿ ಹೆಸರಿಗೆ ಯಾರೋ 20 ಬೈಟ್ ಜಾಗ ಇಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಮಲ್ಲಿಕಾರ್ಜುನ ಅಂತ ಬರೆದರೆ 36 ಬೈಟ್ ಬೇಕು. 20ಕ್ಕೆ ಕತ್ತರಿಸಿದರೆ ಮಲ್ಲಿಕ ಅನ್ನುವಲ್ಲಿಗೆ ನಿಲ್ಲುತ್ತದೆ, ಹಿಂದೆ ಎರಡು ಮುರುಕು ಬೈಟ್ ಉಳಿಯುತ್ತವೆ, ಪರದೆ ಮೇಲೆ ಪ್ರಶ್ನೆ ಚಿಹ್ನೆ ಬರುತ್ತದೆ. ಇದು ಯಾರದೋ ಸೋಮಾರಿತನದಿಂದ ಬಂದ ತೊಡಕಲ್ಲ. ನಮ್ಮ ಲಿಪಿಯ ಸ್ವಭಾವವೇ ಹಾಗೆ, ಒತ್ತಕ್ಷರ ಇರುವ ಲಿಪಿ. ಇಂಥದ್ದನ್ನು ಕಲಿಯಲು ಒಂದು ಇಡೀ ತರಗತಿ ಕೊಡಿ. ಹುಬ್ಬಳ್ಳಿಯಲ್ಲಿ ಕೂತ ಪ್ರೋಗ್ರಾಮರ್‌ಗೆ ಇದು ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು?

ಹಾಗಾದರೆ ಏನು ಮಾಡೋಣ? ಕೇಳುವ ಮುಂಚೆ ಗಡಿ ಹಾಕಿ. "ಹೊರಗಿನ ಪ್ಯಾಕೇಜ್ ಬೇಡ, ಬೇಕೇ ಬೇಕು ಅಂದರೆ ಯಾಕೆ ಬೇಕು ಹೇಳು" ಅಂತ ಮೊದಲೇ ಬರೆಯಿರಿ. ಕೋಡ್ ಬಂದ ಮೇಲೆ "ಇದರಲ್ಲಿ ಏನೇನು ತೆಗೆಯಬಹುದು" ಅಂತ ಕೇಳಿ. ಸೇರಿಸುವುದಕ್ಕೆ ಬಳಸುವಷ್ಟೇ ತೆಗೆಯುವುದಕ್ಕೂ ಅದು ಒಳ್ಳೆಯ ಜೊತೆಗಾರ. ಆದರೆ ತೆಗೆ ಅಂತ ನಾವು ಹೇಳಬೇಕು. ಹೇಳಬೇಕಾದರೆ ಯಾವುದು ಬೇಡ ಅಂತ ನಮಗೆ ಗೊತ್ತಿರಬೇಕು, ಅದಕ್ಕೆ ಬ್ರೌಸರ್‌ನಲ್ಲಿ, ಭಾಷೆಯಲ್ಲಿ ಈಗಾಗಲೇ ಏನಿದೆ ಅಂತ ಓದಿಕೊಂಡಿರಬೇಕು. ಅದರ ಸಲಹೆ ಹಳತಾಗಿರಬಹುದು ಅನ್ನುವುದೂ ನೆನಪಿರಲಿ. ರಿಯಾಕ್ಟ್ ಪ್ರಾಜೆಕ್ಟ್ ಶುರು ಮಾಡಿಕೊಡುವ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನು ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಹೊಸ ಪ್ರಾಜೆಕ್ಟ್‌ಗಳಿಗೆ ಬೇಡ ಅಂತ ಹೇಳಿತು. ಹಳೇ ಪಾಠಗಳ ತುಂಬ ಅದೇ ಇದೆ, ಆ ಪಾಠಗಳಿಂದಲೇ ಮಾಡೆಲ್‌ಗಳು ಕಲಿತಿವೆ.

ಅಧ್ಯಾಪಕರಲ್ಲಿ ನನ್ನದೊಂದು ಬೇಡಿಕೆ. ಫೈನಲ್ ಇಯರ್ ವೈವಾದಲ್ಲಿ ಯಾವ ಯಾವ ತಂತ್ರಜ್ಞಾನ ಬಳಸಿದಿರಿ ಅಂತ ಕೇಳುತ್ತೀರಿ. ಪಟ್ಟಿ ಉದ್ದ ಇದ್ದಷ್ಟೂ ಅಂಕ ಜಾಸ್ತಿ ಅಂತ ಮಕ್ಕಳು ತಿಳಿದಿದ್ದಾರೆ. ಅದರ ಬದಲು ಪ್ಯಾಕೇಜ್ ಪಟ್ಟಿಯನ್ನು ತೆರೆಸಿ, ಒಂದೊಂದರ ಮೇಲೆ ಬೆರಳಿಟ್ಟು "ಇದು ಇಲ್ಲದಿದ್ದರೆ ಏನಾಗುತ್ತಿತ್ತು" ಅಂತ ಕೇಳಿ. ಎಐ ಬರೆದುಕೊಟ್ಟ ಪ್ರಾಜೆಕ್ಟ್ ಯಾವುದು, ತಾವೇ ಯೋಚಿಸಿ ಮಾಡಿದ್ದು ಯಾವುದು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಎಐ ಬಳಸಿಯೂ ಚೆನ್ನಾಗಿ ಉತ್ತರ ಕೊಟ್ಟರೆ ಪೂರ್ತಿ ಅಂಕ ಕೊಡಿ.

(ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡು.)

"ಸರ್, ಇಂಟರ್ವ್ಯೂದಲ್ಲಿ ರಿಯಾಕ್ಟ್ ಬರುತ್ತಾ ಅಂತಾನೇ ಕೇಳ್ತಾರಲ್ಲ, ನೀವು ಬೇಡ ಅಂತೀರಿ."

ಕಲಿಯಿರಿ. ಕೆಲಸ ಬೇಕಾದವರು ಕಲಿಯಲೇಬೇಕು, ನಾನು ಬೇಡ ಅನ್ನುವುದಿಲ್ಲ. ಪರದೆ ಮೇಲೆ ಕ್ಷಣಕ್ಷಣಕ್ಕೆ ಬದಲಾಗುವ ನೂರಾರು ಭಾಗ ಇದ್ದಾಗ ರಿಯಾಕ್ಟ್ ಒಳ್ಳೆಯ ಉಪಾಯ. ಆದರೆ ಅದಕ್ಕೂ ಮೊದಲು ಯಾವ ಲೈಬ್ರರಿಯೂ ಇಲ್ಲದೆ ಒಂದು ಫಾರ್ಮ್ ಮಾಡಿ, ಒಂದು ಪಟ್ಟಿ ತೋರಿಸಿ, ಒಂದು ಸಾಲು ಅಳಿಸಿ. ಆಗ ರಿಯಾಕ್ಟ್ ಯಾವ ಕಷ್ಟ ಕಳೆಯುತ್ತದೆ ಅಂತ ಸ್ವಂತ ಅನುಭವದಿಂದ ಹೇಳಬಹುದು. ಇಂಟರ್ವ್ಯೂದಲ್ಲಿ ಆ ಉತ್ತರಕ್ಕೆ ಬೆಲೆ ಇದೆ.

"ನಮ್ಮಲ್ಲಿ ಆಗಲೇ ದೊಡ್ಡ ಬಿಲ್ಲಿಂಗ್ ಪ್ರಾಜೆಕ್ಟ್ ಇದೆ, ಪ್ಯಾಕೇಜ್ ವಿಪರೀತ ತುಂಬಿವೆ. ಎಲ್ಲಿಂದ ಕೈ ಹಾಕೋದು?"

ಎಲ್ಲವನ್ನೂ ಒಂದೇ ಸಲ ಹೊಸದಾಗಿ ಬರೆಯಲು ಹೋಗಬೇಡಿ. ಮೊದಲು ಗಿರಾಕಿಗಳ ಹಳೇ ಬಿಲ್‌ಗಳನ್ನು ತೆಗೆದಿಟ್ಟುಕೊಳ್ಳಿ. ರಿಯಾಯಿತಿ ಇದ್ದದ್ದು, ವಾಪಸ್ ಬಂದ ಮಾಲಿನದ್ದು, ಜಿಎಸ್‌ಟಿ ದರ ಬೇರೆ ಬೇರೆ ಇದ್ದದ್ದು, ಎಲ್ಲ ಬಗೆಯವೂ ಇರಲಿ. ಆ ಬಿಲ್‌ಗಳ ಮೊತ್ತ ಪೈಸೆಗೆ ಪೈಸೆ ಸರಿ ಬರುತ್ತದಾ ಅಂತ ನೋಡುವ ಟೆಸ್ಟ್ ಬರೆಯಲು ಎಐಗೆ ಹೇಳಿ, ಬರೆದ ಟೆಸ್ಟ್ ನೀವು ಓದಿ. ಆಮೇಲೆ ಒಂದು ಪ್ಯಾಕೇಜ್ ತೆಗೆಯಿರಿ, ಟೆಸ್ಟ್ ಓಡಿಸಿ. ಮೊತ್ತ ಬದಲಾದರೆ ಅಲ್ಲೇ ನಿಂತು ಕಾರಣ ಹುಡುಕಿ. ಸರಿ ಬಂದರೆ ಮುಂದಿನದು. ಶುರು ಮಾಡುವುದಾದರೆ ದಿನಾಂಕದ ಲೈಬ್ರರಿಯಿಂದ ಮಾಡಿ, ಬಿಲ್ಲಿಂಗ್‌ನಲ್ಲಿ ಅದರ ಕೆಲಸ ಸಾಮಾನ್ಯವಾಗಿ ಎರಡು ಮೂರು ಕಡೆಗಿಂತ ಜಾಸ್ತಿ ಇರುವುದಿಲ್ಲ.